ನಾಲ್ಕು ಚಕ್ರದ ಪಡಸಾಲೆ

ಕೇಂದ್ರ ಸರ್ಕಾರದ ನೌಕರನಿಗೆ ಮನೆಯೆಂಬುದು ಹಂಚಿಕೆಯಾಗುವ ವಸ್ತು. ಅರ್ಜಿ ಹಾಕಬೇಕು, ಸರದಿಗೆ ಕಾಯಬೇಕು, ಕೀಲಿಕೈ ಸಿಕ್ಕ ಮೇಲೆ ಗೋಡೆಗೊಂದು ಮೊಳೆ ಹೊಡೆಯಲೂ ಹಿಂದೆ ಮುಂದೆ ನೋಡಬೇಕು. ನೌಕರಿಗೆ ಸೇರಿದಂದಿನಿಂದ ದೆಹಲಿ, ಹೈದರಾಬಾದು, ಈಗ ಪುಣೆ ಎಂದು ಐದು ಕ್ವಾರ್ಟರ್ಸುಗಳಲ್ಲಿ ಸಂಸಾರ ಮಾಡಿದ್ದೇನೆ. ಪ್ರತಿ ವರ್ಗಾವಣೆಯಲ್ಲಿಯೂ ಅವವೇ ಕಬ್ಬಿಣದ ಟ್ರಂಕುಗಳು ಲಾರಿ ಏರುತ್ತವೆ, ಅವವೇ ಪುಸ್ತಕಗಳು ಹುರಿಯಿಂದ ಬಿಗಿಸಿಕೊಳ್ಳುತ್ತವೆ. ಇಂಥವನಿಗೆ, ಸಾಮಾನು ಕಟ್ಟುವ ಗೋಜಿಲ್ಲದೆ ಮನೆಯೇ ಚಲಿಸುವಂತಿದ್ದರೆ ಎಂಬ ಆಸೆ ಹುಟ್ಟಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಆಸೆಯ ಬೀಜ ಬಿದ್ದದ್ದು ಧಾರವಾಡದಲ್ಲಿ, ಇಂಗ್ಲಿಷ್ ಎಂ.ಎ. ಓದುವಾಗ. ಜಾನ್ ಸ್ಟೈನ್‌ಬೆಕ್ ತನ್ನ ನಾಯಿ ಚಾರ್ಲಿಯೊಡನೆ ಅಮೆರಿಕೆಯನ್ನು ಸುತ್ತಿ ಬರೆದ, 1962ರಲ್ಲಿ ಪ್ರಕಟವಾದ ಪ್ರವಾಸ ಕಥನ ಕೈಗೆ ಸಿಕ್ಕಿತ್ತು. ಟ್ರಕ್ಕಿನ ಬೆನ್ನ ಮೇಲೆ ಪುಟ್ಟ ಮನೆಯೊಂದನ್ನು ಕೂರಿಸಿ, ಅದಕ್ಕೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರನ್ನೇ, ರೊಸಿನಾಂಟೆ ಎಂದು, ಆತ ಇಟ್ಟಿದ್ದ. ಅದಕ್ಕೂ ಮುಂಚೆ, 1908ರ ‘ದಿ ವಿಂಡ್ ಇನ್ ದಿ ವಿಲೋಸ್’ ಕೃತಿಯಲ್ಲಿ ಕೆನೆತ್ ಗ್ರಹಾಮ್ ಸೃಷ್ಟಿಸಿದ ಟೋಡ್ ಮಹಾಶಯನ ಹಳದಿ ಬಂಡಿಯನ್ನು ಓದಿ ಮರುಳಾಗಿದ್ದೆ. ಹಾಸ್ಟೆಲಿನ ಕೋಣೆಯಲ್ಲಿ, ಹಿಂದಿರುಗಿಸಬೇಕಾದ ಗ್ರಂಥಾಲಯದ ಪುಸ್ತಕಗಳ ನಡುವೆ ಕುಳಿತು, ಒಂದು ದಿನ ನನಗೂ ಒಂದು ರೊಸಿನಾಂಟೆ ಇರುತ್ತದೆ, ಅದರಲ್ಲೊಂದು ಪುಸ್ತಕದ ಕಪಾಟು, ಪುಟ್ಟ ಒಲೆ, ಕಿಟಕಿಯ ಬಳಿ ಬರೆಯುವ ಮೇಜು ಇರುತ್ತವೆ ಎಂದುಕೊಂಡಿದ್ದೆ.

ಪುಣೆಗೆ ವರ್ಗವಾದಾಗ ಆಸೆ ಮತ್ತೆ ಚಿಗುರಿತು. ಮ್ಯಾಟಡೋರ್ ಮತ್ತು ಟ್ರಾವೆಲರ್ ವಾಹನಗಳನ್ನು ನಾಡಿಗೆ ಕೊಟ್ಟ, ಹಿಂದೆ ಬಜಾಜ್ ಟೆಂಪೋ ಎಂದು ಕರೆಸಿಕೊಳ್ಳುತ್ತಿದ್ದ ಕಂಪನಿ ಇರುವುದು ಇಲ್ಲಿಯ ಆಕುರ್ಡಿಯಲ್ಲಿ. ಗುಜರಿ ಅಂಗಳವೊಂದರಲ್ಲಿ ಹಳೆಯ ಮ್ಯಾಟಡೋರ್ ಒಂದನ್ನು ಕಂಡು, ಮೂರು ಭಾನುವಾರ ಅದರ ಸುತ್ತ ಪ್ರದಕ್ಷಿಣೆ ಹಾಕಿದ್ದುಂಟು. ಆದರೆ ಕಾನೂನನ್ನು ಓದುವುದು ನನ್ನ ವೃತ್ತಿಯ ಚಟ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಸಾಮಾನಿನ ಗಾಡಿಯನ್ನು ಸ್ವಂತ ಇಚ್ಛೆಯಿಂದ ಮನೆಯಾಗಿಸಿ ರಸ್ತೆಗಿಳಿಸುವಂತಿಲ್ಲ. ವಿಧಿವತ್ತಾಗಿ ಅನುಮೋದನೆ ಪಡೆದ ಕಾರವಾನುಗಳು ಇವೆ; ಅವುಗಳ ಬೆಲೆ ಕೇಳಿದ ದಿನ ನಾನು ಮಾತಿಲ್ಲದೆ ಬಸ್ಸು ಹತ್ತಿ ಮನೆಗೆ ಬಂದೆ. ಮ್ಯಾಟಡೋರ್ ಗುಜರಿಯಲ್ಲಿಯೇ ಉಳಿಯಿತು.

ಆ ಆಸೆಗೆ ಮತ್ತೆ ಜೀವ ಬಂದದ್ದು ಬೇರೆಯೇ ಕಾರಣದಿಂದ. ಕಾರಣದ ಹೆಸರು ಅವ್ವ.

ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮೊಡನೆ ಇದ್ದಾಳೆ. ಎಪ್ಪತ್ನಾಲ್ಕರ ವಯಸ್ಸು, ಎರಡೂ ಮೊಣಕಾಲು ಸವೆದಿವೆ. ನಮ್ಮ ಊರು ಸವದತ್ತಿ ದಾಟಿ ನರಗುಂದದ ಕಡೆಗೆ, ಎರೆಮಣ್ಣಿನ ಸೀಮೆಯಲ್ಲಿದೆ. ಮೊದಲೆಲ್ಲ ವರ್ಷಕ್ಕೆರಡು ಸಲವಾದರೂ ಹೋಗಿಬರುತ್ತಿದ್ದವಳು 2019ರ ನಂತರ ಹೋಗುವುದನ್ನೇ ಬಿಟ್ಟಳು. ಆ ವರ್ಷ ರೈಲಿನ ಶೌಚಾಲಯದ ಬಾಗಿಲಲ್ಲಿ ಕಾಲು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಆಮೇಲೆ ಮಹಾಮಾರಿಯ ಎರಡು ವರ್ಷ. ಅದೂ ಕಳೆದು, 2022ರ ಬೇಸಗೆಯಲ್ಲಿ ಅಣ್ಣನ ಮಗಳ ಮದುವೆ ಗೊತ್ತಾದಾಗ, ಹೋಗೋಣವೆಂದು ಕಾರು ಗೊತ್ತು ಮಾಡಲು ಹೊರಟೆ.

“ನಾ ಬರಂಗಿಲ್ಲಪಾ. ನೀವು ಹೋಗಿ ಬರ್ರಿ,” ಎಂದಳು ಅವ್ವ. ಕಾರಣ ಕೇಳಿದರೆ ಸೆಕೆ ಎಂದಳು, ಕಾಲುನೋವು ಎಂದಳು, ಕಡೆಗೆ “ಮದುವಿ ಏನ ನೋಡೂದೈತಿ, ಫೋಟೋದಾಗ ನೋಡಿದ್ರಾತು,” ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಮೊದಲ ಮೊಮ್ಮಗಳ ಮದುವೆಗೆ ಅಜ್ಜಿಯಿಲ್ಲದೆ ಹೋಗಿಬಂದೆವು.

ಹಿಂದಿರುಗುವಾಗ ದಾರಿಯಲ್ಲಿ, ಒಂಬತ್ತನೆಯ ಇಯತ್ತೆಯಲ್ಲಿದ್ದ ನನ್ನ ಮಗಳು ಹೇಳಿದಳು: “ಅಪ್ಪಾ, ಅಜ್ಜಿ ಎಲ್ಲಿಗಾದರೂ ಹೊರಡೋ ಹಿಂದಿನ ದಿನಾನೇ ನೀರು ಕುಡಿಯೋದು ನಿಲ್ಲಿಸ್ತಾಳೆ. ನಿನಗೆ ಗೊತ್ತಿಲ್ವಾ?”

ನನಗೆ ಗೊತ್ತಿರಲಿಲ್ಲ. ಮನೆಯ ಹೆಂಗಸರಿಗೆಲ್ಲ ಗೊತ್ತಿತ್ತು. ಸಕ್ಕರೆ ಕಾಯಿಲೆಯಿಂದ ಅವ್ವನಿಗೆ ಗಂಟೆಗೊಮ್ಮೆಯಾದರೂ ಏಳಬೇಕಾಗುತ್ತದೆ. ಕೂತು ಏಳುವ ಶೌಚಾಲಯದಲ್ಲಿ ಮೊಣಕಾಲು ಮಡಿಯುವುದಿಲ್ಲ. ಹೆದ್ದಾರಿಯ ಬದಿಯಲ್ಲಿ ಸಿಗುವವು ಬಹುತೇಕ ಅಂಥವೇ, ನೆಲ ಸದಾ ಒದ್ದೆ. ಹೀಗಾಗಿ ಪಯಣದ ಹಿಂದಿನ ಮಧ್ಯಾಹ್ನದಿಂದಲೇ ನೀರು ಬಂದ್. ತಾಸುಗಟ್ಟಲೆ ಬಿಸಿಲಲ್ಲಿ ಒಣ ತುಟಿಯಿಂದ ಕುಳಿತು, ಊರು ಮುಟ್ಟಿದ ಮೇಲೆ ಎರಡು ದಿನ ಉರಿಮೂತ್ರದಿಂದ ನರಳುತ್ತಿದ್ದಳಂತೆ. ಅದನ್ನೆಲ್ಲ “ಉಷ್ಣ ಆಗೇತಿ” ಎಂಬ ಒಂದೇ ಮಾತಿನಲ್ಲಿ ಮುಚ್ಚಿಡುತ್ತಿದ್ದಳು. ನಲವತ್ತೈದು ವರ್ಷ ಜೊತೆಗಿದ್ದ ಮಗನಿಗೆ ಹೇಳಲಾಗದ ಮಾತು ಅದು. ಕೇಳಬೇಕೆಂದು ಮಗನಿಗೂ ತೋಚಿರಲಿಲ್ಲ.

ಗಾಡಿ ಕೊಳ್ಳುವ ನಿರ್ಧಾರ ಆ ರಾತ್ರಿಯೇ ಆಯಿತು. ಅಂಚೆ ಕಚೇರಿಯ ಆರ್.ಡಿ. ಒಂದು ಅವಧಿ ಮುಗಿದು ಒಂದು ಲಕ್ಷ ಎಂಟು ಸಾವಿರದಷ್ಟು ಬಂದಿತ್ತು. ದೀಪಾವಳಿಯ ಮುಂಚೆ ಬರುವ ಬೋನಸ್ಸು 6,908 ರೂಪಾಯಿ. ಒಟ್ಟಿನಲ್ಲಿ ಒಂದು ಲಕ್ಷ ಹದಿನೈದು ಸಾವಿರ. ಅದರಾಚೆಗೆ ಒಂದು ಪೈಸೆಯೂ ಇಲ್ಲವೆಂದು ಹೆಂಡತಿಗೂ ನನಗೂ ಕರಾರಾಯಿತು.

ಆ ಹಣದಲ್ಲಿ ಕಾನೂನು ಮುರಿಯದೆ ಮಲಗುವ ಜಾಗ ಕೊಡುವ ವಾಹನ ಯಾವುದೆಂದು ಹುಡುಕುತ್ತ ಹೋದರೆ ಉತ್ತರ ಮಾರುತಿ ಓಮ್ನಿಯಲ್ಲಿ ಬಂದು ನಿಂತಿತು. 1984ರಲ್ಲಿ ಮಾರುತಿ ವ್ಯಾನ್ ಎಂದು ಹುಟ್ಟಿ, 2019ರವರೆಗೆ ತಯಾರಾದ ಈ ಡಬ್ಬಿಯನ್ನು ನಮ್ಮ ತಲೆಮಾರಿನವರು ಶಾಲೆಯ ಗಾಡಿಯಾಗಿ, ಆಂಬುಲೆನ್ಸಾಗಿ, ಸಿನಿಮಾದಲ್ಲಿ ನಾಯಕಿಯನ್ನು ಎತ್ತಿಕೊಂಡು ಹೋಗುವ ಖಳರ ವಾಹನವಾಗಿ ಬಲ್ಲರು. 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ನು ಮುಂದಿನ ಆಸನಗಳ ಕೆಳಗೇ ಇರುವುದರಿಂದ ಹಿಂಭಾಗವೆಲ್ಲ ಖಾಲಿ. ಎರಡೂ ಬದಿಗೆ ಸರಿಯುವ ಬಾಗಿಲು. ಎಲ್ಲಕ್ಕಿಂತ ಮುಖ್ಯವಾಗಿ, ಎಂಟು ಆಸನದ ಮಾದರಿಯಲ್ಲಿ ಹಿಂದಿನ ಎರಡು ಸಾಲುಗಳು ಎದುರುಬದುರಾಗಿವೆ. ನಡುವಿನ ತೆರವಿಗೆ ಹಲಗೆ ಹಾಕಿದರೆ ಮಂಚ. ಹಲಗೆ ತೆಗೆದರೆ ಕಂಪನಿ ಕೊಟ್ಟ ಆಸನ. ನೋಂದಣಿ ಪತ್ರದಲ್ಲಿರುವ ಒಂದಕ್ಷರವೂ ಬದಲಾಗಬೇಕಿಲ್ಲ.

ಆರು ಗಾಡಿಗಳನ್ನು ನೋಡಿದೆ. ಬಟ್ಟೆ ಸುತ್ತಿದ ಆಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಬಣ್ಣದ ಕೆಳಗೆ ತಗಡಿದ್ದರೆ ಅದು ಕಚ್ಚಿಕೊಳ್ಳುತ್ತದೆ. ತುಕ್ಕನ್ನು ಪುಟ್ಟಿಯಿಂದ ಮುಚ್ಚಿದ್ದರೆ ಜಾರಿ ಬೀಳುತ್ತದೆ. ಹೊಳೆಯುತ್ತಿದ್ದ ಐದು ಗಾಡಿಗಳಲ್ಲಿ ಅದು ಜಾರಿತು. ಆರನೆಯದು 2007ರ ನವೆಂಬರಿನಲ್ಲಿ ರತ್ನಾಗಿರಿಯಲ್ಲಿ ನೋಂದಣಿಯಾದದ್ದು. ಒಡೆಯರು ನಿವೃತ್ತ ಮಾಸ್ತರರು. ಹಂಗಾಮಿನಲ್ಲಿ ತಮ್ಮ ತೋಟದ ಆಪೂಸ್ ಮಾವಿನ ಪೆಟ್ಟಿಗೆಗಳನ್ನು ಹೇರುತ್ತಿದ್ದರಂತೆ. ಬಣ್ಣ ಮಾಸಿತ್ತು, ಆದರೆ ಏನನ್ನೂ ಮುಚ್ಚಿಟ್ಟಿರಲಿಲ್ಲ. “ಕಡಲ ಗಾಳಿ, ಒದ್ದೆ ಹುಲ್ಲು. ತಳ ಹೋಗಿದೆ, ನೋಡಿಕೊಂಡೇ ತೆಗೆದುಕೊಳ್ಳಿ,” ಎಂದು ಅವರೇ ಮರಾಠಿಯಲ್ಲಿ ಹೇಳಿ ನೆಲದ ಚಾಪೆ ಎತ್ತಿ ತೋರಿಸಿದರು. ತೂತಿನೊಳಗಿಂದ ಅವರ ಅಂಗಳದ ಗರಿಕೆ ಕಾಣುತ್ತಿತ್ತು. ಐವತ್ತೆಂಟು ಸಾವಿರಕ್ಕೆ ಮಾತಾಯಿತು. ಎರಡು ತಿಂಗಳ ಮೂಲ ವೇತನವನ್ನು ಮೀರಿದ ಚರಾಸ್ತಿಯ ವ್ಯವಹಾರವನ್ನು ತಿಂಗಳೊಳಗೆ ಇಲಾಖೆಗೆ ವರದಿ ಮಾಡಬೇಕೆಂದು ನಮ್ಮ 1964ರ ನಡತೆ ನಿಯಮಗಳ 18ನೆಯ ನಿಯಮ ಹೇಳುತ್ತದೆ. ನನ್ನ ಕನಸಿನ ಬೆಲೆ ಒಂದು ತಿಂಗಳಿನದಕ್ಕೂ ತುಸು ಕಡಿಮೆಯಾದ್ದರಿಂದ ಆ ಪತ್ರ ಬರೆಯುವ ಭಾಗ್ಯ ಒದಗಲಿಲ್ಲ.

ಆಗಸ್ಟಿನಲ್ಲಿ ಗಾಡಿ ಮನೆಗೆ ಬಂತು. ನವೆಂಬರಿಗೆ ಅದಕ್ಕೆ ಹದಿನೈದು ತುಂಬುವುದಿತ್ತು. ಖಾಸಗಿ ವಾಹನಕ್ಕೆ ಹದಿನೈದಾದ ಮೇಲೆ ತಪಾಸಣೆಗೆ ಒಯ್ದು, ಐದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್ ಒಂದರಿಂದ ಕಾರುಗಳಿಗೆ ಅದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತ್ತು. ಹಸಿರು ತೆರಿಗೆ, ವಿಮೆ, ಹೆಸರು ಬದಲಾವಣೆ ಎಲ್ಲ ಸೇರಿ 14,200. ಹೀಗೆ ಒಂದು ಮೊಳೆಯನ್ನೂ ತಿರುಗಿಸುವ ಮುಂಚೆ ಎಪ್ಪತ್ತೆರಡು ಸಾವಿರ ಮುಗಿದಿತ್ತು. ಉಳಿದ ನಲವತ್ತಮೂರು ಸಾವಿರದಲ್ಲಿ ಅದನ್ನು ಓಡುವಂತೆಯೂ ಮಾಡಬೇಕು, ಮನೆಯಂತೆಯೂ ಮಾಡಬೇಕು.

ವೆಲ್ಡಿಂಗ್ ಕೆಲಸಕ್ಕೆ ಸಿಕ್ಕವನು ಇಂಡಿ ತಾಲ್ಲೂಕಿನ ಹುಡುಗ. ವಿಜಯಪುರ, ಕಲಬುರಗಿ ಸೀಮೆಯಿಂದ ದುಡಿಯಲು ಬಂದವರು ಪುಣೆಯಲ್ಲಿ ಎಲ್ಲೆಲ್ಲೂ ಇದ್ದಾರೆ. ಕನ್ನಡದಲ್ಲಿ ಒಂದು ಮಾತು ಬಿದ್ದರೆ ಸಾಕು, ಮೋರೆ ಅರಳುತ್ತದೆ. ಆತ ಆಸನ, ಚಾಪೆ, ಪೆಟ್ರೋಲ್ ಟ್ಯಾಂಕುಗಳನ್ನು ಕಳಚಿಟ್ಟು, ಬ್ಯಾಟರಿಯ ತಂತಿ ಬಿಚ್ಚಿ, ಸ್ಕ್ರೂಡ್ರೈವರಿನಿಂದ ತಳವನ್ನು ಕುಟ್ಟುತ್ತ ಹೋದ. ಕುಟ್ಟಿದಲ್ಲೆಲ್ಲ ಕೆಂಪು ಹಿಟ್ಟು ಉದುರಿತು.

“ಸಾಹೇಬ್ರ, ಇದರಾಗ ಗಾಡಿ ಕಡಿಮಿ, ತುಕ್ಕ ಜಾಸ್ತಿ ಐತ್ರಿ,” ಎಂದ. ಎರಡು ದಾರಿಗಳಿದ್ದವು. ತುಕ್ಕಿನ ಮೇಲೆಯೇ ಹೊಸ ತಗಡು ಹೊದಿಸಿ ಬಣ್ಣ ಬಳಿದರೆ ಎಂಟು ಸಾವಿರ. ಗಾಡಿ ಥಳಥಳಿಸುತ್ತದೆ, ತಪಾಸಣೆಯ ಹೊತ್ತಿಗೆ ಮದುಮಗಳಂತಿರುತ್ತದೆ. ತುಕ್ಕನ್ನೆಲ್ಲ ಕೊರೆದು ತೆಗೆದು, ಗಟ್ಟಿ ಲೋಹ ಸಿಗುವವರೆಗೆ ಹೋಗಿ, ಅಲ್ಲಿಂದ ತಗಡಿನ ತುಂಡುಗಳನ್ನು ಬೆಸೆದು, ರೆಡ್ ಆಕ್ಸೈಡ್ ಹೊಡೆದು, ಸಂದುಗಳಿಗೆ ಸೀಲಂಟು ತುಂಬಿದರೆ ಇಪ್ಪತ್ತೊಂದು ಸಾವಿರ. ಮೇಲಿನ ಬಣ್ಣ ಇದ್ದಂತೆಯೇ ಇರುತ್ತದೆ. “ಮ್ಯಾಲ ಮುಚ್ಚಿದ್ರ ಒಳಗ ತಿನ್ಕೋತ ಹೊಕ್ಕೈತ್ರಿ. ಯಾರ ಕುಂದ್ರಾವ್ರು ಇದರಾಗ?” ಎಂದು ಕೇಳಿದ. ನಮ್ಮ ಅವ್ವ ಎಂದೆ. “ಮತ್ತ ಕೇಳೂದೇನೈತ್ರಿ,” ಎಂದು ಕಟರ್ ಎತ್ತಿಕೊಂಡ.

ತಳಕ್ಕೆ ಸುರಿದ ಹಣ ಯಾರ ಕಣ್ಣಿಗೂ ಬೀಳುವುದಿಲ್ಲ. ನೆರೆಯ ಕ್ವಾರ್ಟರ್ಸಿನವರು ಮೂರು ತಿಂಗಳ ನಂತರವೂ “ರಿಪೇರಿ ಯಾವಾಗ ಶುರು?” ಎಂದು ಕೇಳುತ್ತಲೇ ಇದ್ದರು. ಮುಂದಿನ ಗಾಜಿನ ಸುತ್ತಲಿನ ರಬ್ಬರು ಬಿರುಕುಬಿಟ್ಟು ಮಳೆನೀರು ಒಳಗಿಳಿಯುತ್ತಿದ್ದುದೇ ಮುಂಭಾಗದ ತುಕ್ಕಿನ ಮೂಲವೆಂದು ತಿಳಿದದ್ದೂ ಆಗಲೇ. ಕೆಲವೇ ನೂರು ರೂಪಾಯಿಗಳ ರಬ್ಬರನ್ನು ಕಾಲಕಾಲಕ್ಕೆ ಬದಲಿಸದೆ ಹೋದರೆ ಸಾವಿರಾರು ರೂಪಾಯಿಯ ತಗಡು ಹೋಗುತ್ತದೆ. ಹಳೆಯ ಗಾಡಿ ಕೊಳ್ಳುವವರು ಯಾರಾದರೂ ನನ್ನನ್ನು ಕೇಳಿದರೆ ಮೊದಲು ಹೇಳುವ ಮಾತು ಇದೇ: ನೀರು ಎಲ್ಲಿಂದ ಬರುತ್ತಿದೆ ನೋಡಿ, ಆಮೇಲೆ ತುಕ್ಕಿಗೆ ಕೈ ಹಾಕಿ.

ಯಂತ್ರದ ಕೆಲಸ ಇನ್ನೊಂದು ಗ್ಯಾರೇಜಿನಲ್ಲಿ. ಬ್ರೇಕಿನ ಸಿಲಿಂಡರುಗಳು, ಕ್ಲಚ್ ಪ್ಲೇಟು, ರೇಡಿಯೇಟರಿನ ತೊಳೆತ, ಥರ್ಮೋಸ್ಟಾಟು, ರಬ್ಬರ್ ಕೊಳವೆಗಳು: 13,500. ನಾಲ್ಕು ಟೈರುಗಳು ನೋಡಲು ಚೆನ್ನಾಗಿಯೇ ಇದ್ದವು. ಆದರೆ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಅವು ಹುಟ್ಟಿ ಒಂಬತ್ತು ವರ್ಷವಾಗಿತ್ತು. ಹೊಸವಕ್ಕೆ 10,400. ಲೆಕ್ಕ ಇಲ್ಲಿಗೇ ಮಿತಿ ದಾಟಿತು. ಹೆಂಡತಿ ಏನೂ ಮಾತಾಡದೆ ಭಿಶಿಯ ಹಣದ ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಲಕೋಟೆಯ ಮೇಲೆ ‘ಅತ್ತಿ’ ಎಂದು ಬರೆದಿತ್ತು. ಗಾಡಿಯ ಮಾತು ಬರುವ ಮುಂಚೆಯೇ, ಅವ್ವನ ಮೊಣಕಾಲಿನ ಔಷಧಕ್ಕೆಂದು ಎತ್ತಿಟ್ಟದ್ದಂತೆ.

ಇಷ್ಟೆಲ್ಲ ಆಗುವಾಗಲೂ ನನ್ನೊಳಗಿನ ಸ್ಟೈನ್‌ಬೆಕ್ ಸತ್ತಿರಲಿಲ್ಲ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಿಂದ ಪ್ಲೈವುಡ್ ತಂದು, ಮೊಟ್ಟಮೊದಲು ನಾನು ಮಾಡಿದ್ದು ಗಾಡಿಯ ಹಿಂಬದಿಗೆ ಒಂದು ಅಡುಗೆ ಪೆಟ್ಟಿಗೆ ಮತ್ತು ಪುಸ್ತಕದ ಗೂಡು. ಪುಟ್ಟ ಸಿಲಿಂಡರು, ಒಂದೇ ಬರ್ನರಿನ ಒಲೆ. ಹೆಮ್ಮೆಯಿಂದ ಅವ್ವನನ್ನು ಕರೆದು ತೋರಿಸಿದೆ. ಆಕೆ ಬಾಗಿಲು ಹಿಡಿದು ನಿಂತು ಬಹಳ ಹೊತ್ತು ನೋಡಿದಳು.

“ಅಡಗಿ ಮಾಡಾಕ ಹೊಂಟಿಯೋ, ಊರಿಗೆ ಹೊಂಟಿಯೋ?” ಎಂದಳು. “ಬುತ್ತಿ ಕಟ್ಟಿಕೊಂಡು ಹೋಗೂ ದಾರಿಗೆ ಒಲಿ ಯಾಕ ಬೇಕು? ನಡೂ ಬೆಂಕಿ, ಕೆಳಗ ಪೆಟ್ರೋಲು, ಶ್ಯಾಣ್ಯಾ ಇದ್ದೀ ನೋಡು.”

ಎಂ.ಎ. ಪದವೀಧರನಿಗೆ ಹೊಳೆಯದ ಸುರಕ್ಷತೆಯ ಪಾಠವನ್ನು ಮೂರನೆಯ ಇಯತ್ತೆ ಓದಿದವಳು ಹೇಳಿದ್ದಳು. ಒಲೆ ಅಡುಗೆಮನೆಗೆ ಮರಳಿತು. ಪುಸ್ತಕದ ಗೂಡಿನ ಹಲಗೆ ಹತ್ತಲು ಮಣೆಯಾಯಿತು, ಏಕೆಂದರೆ ಸರಿಯುವ ಬಾಗಿಲಿನ ಹೊಸ್ತಿಲು ಅವ್ವನ ಮೊಣಕಾಲಿಗೆ ಎತ್ತರವಾಗುತ್ತಿತ್ತು. ಬರೆಯುವ ಮೇಜಿನ ಮಾತನ್ನು ನಾನೇ ಎತ್ತಲಿಲ್ಲ.

ಉಳಿದದ್ದು ಎರಡೇ: ಹಾಸಿಗೆ ಮತ್ತು ಕಮೋಡು. ನಡುವಿನ ತೆರವಿಗೆ ಹಲಗೆಯನ್ನು ಎರಡು ತುಂಡಾಗಿ ಮಾಡಿದೆ. ಎರಡನ್ನೂ ಹಾಕಿದರೆ ಐದಡಿಗೆ ಸ್ವಲ್ಪ ಹೆಚ್ಚಿನ ಮಂಚ, ಅವ್ವನಿಗೆ ಸಾಕು. ಒಂದನ್ನು ಎತ್ತಿದರೆ ಅಲ್ಲಿ, ಕಾಲು ಕತ್ತರಿಸಿ ಗಿಡ್ಡ ಮಾಡಿದ ಕಮೋಡು ಕುರ್ಚಿ, ಅದರಡಿಗೆ ಬಿಗಿ ಮುಚ್ಚಳದ ಬಕೆಟ್ಟು, ಒಳಗೆ ಜೋಡಿ ಚೀಲ, ಮೇಲೆ ಹಾಕಲು ಮರದ ಹೊಟ್ಟು. ಹೊಟ್ಟನ್ನು ಟಿಂಬರ್ ಮಾರ್ಕೆಟ್ಟಿನವರು ಒಂದು ಚೀಲ ಪುಕ್ಕಟೆ ಕೊಟ್ಟರು. ಅದು ತೇವವನ್ನೂ ವಾಸನೆಯನ್ನೂ ಹೀರುತ್ತದೆ. ಕಿಟಕಿಗಳಿಗೆ ಅವ್ವನ ಹಳೆಯ ಇಳಕಲ್ ಸೀರೆಯ ಪರದೆ. ಗಾಡಿ ನಿಂತಾಗ ಮಾತ್ರ ಎಳೆಯುವುದು. ಗಾಜಿಗೆ ಕಪ್ಪು ಹಾಳೆ ಅಂಟಿಸುವುದನ್ನು ಸರ್ವೋಚ್ಚ ನ್ಯಾಯಾಲಯ 2012ರಲ್ಲಿಯೇ ನಿಷೇಧಿಸಿದೆ. ಹಲಗೆ, ಫೋಮು, ಹೊಲಿಗೆಗೆ 7,600. ಕಮೋಡಿನ ಸಲಕರಣೆಗೆ 2,900. ಹನ್ನೆರಡು ವೋಲ್ಟಿನ ಫ್ಯಾನು ಮತ್ತು ದೀಪಕ್ಕೆ 1,800. ಎಲ್ಲ ಕೂಡಿಸಿದರೆ ಒಂದು ಲಕ್ಷ ಇಪ್ಪತ್ತೊಂಬತ್ತು ಸಾವಿರದ ನಾನೂರು. ಕರಾರನ್ನು 14,400 ರೂಪಾಯಿಗಳಷ್ಟು ಮೀರಿದ್ದೆ.

ಕಮೋಡಿನ ವಿಷಯ ಅವ್ವನಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಹೆಂಡತಿ ಹೇಳಿದಳು. ಒಳಕೋಣೆಯಿಂದ ಅವ್ವನ ದನಿ ಕೇಳಿಸಿತು: “ಗಾಡ್ಯಾಗ ಪಾಯಖಾನಿ? ಬುತ್ತಿ ಇಡೂ ಗಾಡ್ಯಾಗ? ಎಲ್ಲಮ್ಮನ ಗುಡ್ಡದ ಭಂಡಾರ ತರೂ ಗಾಡ್ಯಾಗ?” ಎರಡು ದಿನ ನನ್ನೊಡನೆ ಮಾತಿಲ್ಲ. ಮೂರನೆಯ ದಿನ, ಸೊಸೆಯ ಮುಖಾಂತರ ಷರತ್ತುಗಳು ಬಂದವು. ಬುತ್ತಿ ಮತ್ತು ನೀರಿನ ಕೊಡ ಮುಂದೆ, ಡ್ರೈವರನ ಪಕ್ಕದಲ್ಲಿ. ಬಕೆಟ್ಟು ಹಿಂದಿನ ಬಾಗಿಲಿಂದಲೇ ಹೊರಗೆ ಹೋಗಬೇಕು, ನಡುಮನೆಯಿಂದ ಹಾಯಬಾರದು. ಕೈತೊಳೆಯಲು ಬೇರೆ ತಂಬಿಗೆ. ನಾನು ಮಾತ್ರ ಆ ಹೊತ್ತಿಗೆ ಗಾಡಿಯಿಂದ ಇಳಿದು ನೂರು ಹೆಜ್ಜೆ ದೂರ ಹೋಗಿ ನಿಲ್ಲಬೇಕು. ನಡುಮನೆ ಎಂಬ ಆ ಮಾತನ್ನು ಕೇಳಿ ನನಗೆ ಒಳಗೊಳಗೇ ಸಂತೋಷವಾಯಿತು. ಹದಿನೈದು ವರ್ಷದ ಮಾವಿನ ಗಾಡಿಗೆ ಆಗಲೇ ಮನೆಯ ವಾಸ್ತು ಬಂದುಬಿಟ್ಟಿತ್ತು. ರಾತ್ರಿ ಹನ್ನೊಂದರ ಮೇಲೆ, ಕ್ವಾರ್ಟರ್ಸಿನ ದೀಪಗಳೆಲ್ಲ ಆರಿದ ನಂತರ, ಅತ್ತೆ ಸೊಸೆ ಇಬ್ಬರೇ ಇಳಿದುಹೋಗಿ ಒಂದು ತಾಲೀಮು ನಡೆಸಿ ಬಂದರು. ಏನಾಯಿತೆಂದು ನಾನು ಕೇಳಲಿಲ್ಲ. ಮರುದಿನ ಅವ್ವ ಟ್ರಂಕಿನಿಂದ ತಾನೇ ಹೊಲಿದ ಹಳೆಯ ಕೌದಿಯನ್ನು ತೆಗೆದು ಬಿಸಿಲಿಗೆ ಹಾಕಿದಳು.

ಹಾಸಲು ಬಂದಾಗ ಆಕೆ ಚಾಪೆಯ ಅಂಚು ಎತ್ತಿ ತಳ ನೋಡಿದಳು. ಬೇರೆ ಬೇರೆ ಅಳತೆಯ ತಗಡಿನ ತುಂಡುಗಳು, ಸುತ್ತಲೂ ಬೆಸುಗೆಯ ಹೊಲಿಗೆ. “ಇದೂ ಕೌದಿನ ಆತಲ್ಲೋ,” ಎಂದಳು. ಇಂಡಿಯ ಹುಡುಗನಿಗೆ ಈ ಮಾತು ಮುಟ್ಟಿಸಿದಾಗ ಅವನು ನಾಚಿಕೊಂಡ.

ನವೆಂಬರಿನ ತಪಾಸಣೆ ಸುಸೂತ್ರವಾಗಿ ಮುಗಿಯಿತು. ದೀಪ, ಬ್ರೇಕು, ಹಾರನ್ನು, ಚಾಸಿಯ ಸಂಖ್ಯೆ ನೋಡಿ, 2027ರವರೆಗೆ ಪತ್ರ ಕೊಟ್ಟರು. ಅದೇ ವಾರ ಅವ್ವನ ಕುಟುಂಬ ಪಿಂಚಣಿಗಾಗಿ ಜೀವಂತ ಪ್ರಮಾಣಪತ್ರವನ್ನೂ ಕೊಡುವುದಿತ್ತು. ಎರಡೂ ಕಾಗದಗಳನ್ನು ಒಟ್ಟಿಗೆ ಹಿಡಿದು ಅವ್ವ ಹೇಳಿದಳು: “ನಾ ವರ್ಷಾ ವರ್ಷಾ ಜೀವಂತ ಅದೀನಂತ ತೋರಿಸಬೇಕು. ಇದಕ್ಕ ಐದ ವರ್ಷಕ್ಕೊಮ್ಮೆ. ನನಗಿಂತ ಇದರ ನಸೀಬ ಚೊಲೊ.”

ಎಳ್ಳಮಾವಾಸ್ಯೆ ಆ ವರ್ಷ ಡಿಸೆಂಬರ್ 23ಕ್ಕೆ ಬಂದಿತ್ತು. ಹೊಲದಲ್ಲಿ ಚರಗ ಚೆಲ್ಲುವ ಹಬ್ಬ. 21ರ ನಸುಕಿಗೆ ಹೊರಟೆವು. ಓಡುವಾಗ ಹಾಸಿಗೆಯ ಹಲಗೆ ಇಲ್ಲ. ಅವ್ವ ಹಿಂದಿನ ಆಸನದಲ್ಲಿ ಮುಂದಕ್ಕೆ ಮುಖಮಾಡಿ, ಬೆಲ್ಟು ಬಿಗಿದುಕೊಂಡು ಕುಳಿತಳು. ಅರವತ್ತರ ವೇಗ. ಕಾತ್ರಜ ದಾಟಿ ಶಿರವಳದ ಹೊತ್ತಿಗೆ ಬೆಳಕಾಯಿತು. ಸಾತಾರದ ಕಡೆಗೆ ಹೋಗುವವರು ಆಗ ಖಂಬಾಟಕಿ ಘಟ್ಟವನ್ನು ಹತ್ತಿಯೇ ಹೋಗಬೇಕಿತ್ತು. ಸುರಂಗ ಇದ್ದದ್ದು ಪುಣೆಗೆ ಬರುವವರಿಗೆ. ಲಾರಿಗಳ ಹಿಂದೆ ಎರಡನೆಯ ಗೇರಿನಲ್ಲಿ ಏರುತ್ತಿದ್ದಂತೆ ಆಸನದ ಕೆಳಗಿನ ಎಂಜಿನ್ನು ಕಾದು, ಶಾಖದ ಮುಳ್ಳು ನಡುವನ್ನು ದಾಟಿತು. ಮೇಲೆ ಜಾಗ ನೋಡಿ ಬದಿಗೆ ನಿಲ್ಲಿಸಿದೆ. ಅದು ತಣಿಯುವವರೆಗೆ ಅರ್ಧ ಗಂಟೆ ಕಾಯಲೇಬೇಕು.

ಹೆಂಡತಿ ಪರದೆ ಎಳೆದಳು. ನಾನು ಕರಾರಿನಂತೆ ನೂರು ಹೆಜ್ಜೆ ನಡೆದು, ಕಣಿವೆಯ ಕಡೆ ಮುಖ ಮಾಡಿ ನಿಂತೆ. ಹಿಂದಿರುಗಿದಾಗ ಒಂದು ಬದಿಯ ಬಾಗಿಲು ಸರಿದಿತ್ತು. ಅವ್ವ ಕಾಲು ಚಾಚಿ ಕುಳಿತು ಘಟ್ಟದ ಗಾಳಿಗೆ ಮುಖ ಕೊಟ್ಟಿದ್ದಳು.

“ತಮ್ಮಾ, ಒಂದೀಟ ನೀರ ಕೊಡ.”

ಸ್ಟೀಲಿನ ಲೋಟ ತುಂಬಿ ಕೊಟ್ಟೆ. ಪೂರ್ತಿ ಕುಡಿದು, ಮತ್ತೆ ಲೋಟ ಚಾಚಿದಳು. ಎರಡನೆಯದನ್ನು ತುಂಬುವಾಗ ನನ್ನ ಕೈ ನಡುಗಿ ಸ್ವಲ್ಪ ಚೆಲ್ಲಿತು. “ನೋಡಿ ಹಾಕೋ, ಕೌದಿ ತೊಯ್ತತಿ,” ಎಂದು ಬೈದಳು.

ಆ ರಾತ್ರಿ ನಿಪ್ಪಾಣಿಯಲ್ಲಿ ಬಂಧುಗಳ ಅಂಗಳದಲ್ಲಿ ತಂಗಿದೆವು. ಒಳಗೆ ಬನ್ನಿರೆಂದು ಅವರು ಎಷ್ಟು ಕೈಹಿಡಿದು ಎಳೆದರೂ ಅವ್ವ ಒಪ್ಪಲಿಲ್ಲ. ಅವರ ಮನೆಗೆ ಏಳು ಮೆಟ್ಟಿಲು, ಶೌಚಾಲಯ ಹಿತ್ತಲಿನಲ್ಲಿ. “ನಮ್ಮ ಮನಿ ನಾವು ತಂದೇವಿ,” ಎಂದು ಗಾಡಿಯಲ್ಲಿಯೇ ಮಲಗಿದಳು. ಸೊಸೆ ಪಕ್ಕದಲ್ಲಿ ಮುದುಡಿಕೊಂಡಳು. ನಾನೂ ಮಗಳೂ ಅವರ ಪಡಸಾಲೆಯಲ್ಲಿ.

ಮರುದಿನ ಬೆಳಗಾವಿ, ಬೈಲಹೊಂಗಲ ದಾಟಿ ಸವದತ್ತಿಯ ಗುಡ್ಡ ಕಂಡಾಗ ಅವ್ವ ಕೈಮುಗಿದು, ತನ್ನ ಎಳೆತನದ ಕಥೆ ತೆಗೆದಳು. ಜಾತ್ರೆಗೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದುದು. ಬಂಡಿಯಡಿಗೆ ಒಲೆ, ಬಂಡಿಯೊಳಗೆ ಬಾಣಂತಿಯರು, ಮುದುಕಿಯರು. ಗುಡ್ಡದ ಕೆಳಗೆ ನಾಲ್ಕು ದಿನ ಬಂಡಿಗಳದೇ ಒಂದು ಊರು. “ನಿಮ್ಮ ಮುತ್ಯಾ ಬಂಡಿಗೆ ಗುಡಾರ ಕಟ್ಟಿಸಿ ಪಡಸಾಲಿ ಮಾಡಿದ್ದ. ನೀ ಈಗ ಮಾಡಿದಿ,” ಎಂದಳು. ಇಪ್ಪತ್ತೆರಡು ವರ್ಷ ನಾನು ಅಮೆರಿಕೆಯ ಟ್ರಕ್ಕಿನ ಕನಸು ಕಾಣುತ್ತಿದ್ದೆ. ನನ್ನ ಮುತ್ಯಾನ ಬಂಡಿಯ ವಿಷಯವನ್ನು ಒಮ್ಮೆಯೂ ಕೇಳಿರಲಿಲ್ಲ. ದೆಹಲಿಯ ನನ್ನ ಮೊದಲ ನೇಮಕದ ದಿನಗಳಲ್ಲಿ, ರಸ್ತೆಬದಿಯಲ್ಲಿ ಬಂಡಿ ಹೂಡಿ ಕಬ್ಬಿಣ ಬಡಿಯುತ್ತಿದ್ದ ಗಾಡಿಯಾ ಲೋಹಾರರ ಎದುರಿನಿಂದ ನಿತ್ಯ ಕಚೇರಿಗೆ ನಡೆದುಹೋಗುತ್ತಿದ್ದೆ. ಚಿತ್ತೋಡದ ಪತನದ ಕಾಲದ ಪ್ರತಿಜ್ಞೆಯೊಂದರ ಕಥೆಯನ್ನು ಹೊತ್ತು ತಲೆಮಾರುಗಳಿಂದ ಅಲೆಯುತ್ತಿದ್ದ ಅವರನ್ನು 1955ರಲ್ಲಿ ನೆಹರೂ ಸ್ವತಃ ಚಿತ್ತೋಡದ ಕೋಟೆಯೊಳಗೆ ಕರೆದೊಯ್ದಿದ್ದರು. ಆದರೂ ಅನೇಕರಿಗೆ ಬಂಡಿಯೇ ಮನೆಯಾಗಿ ಉಳಿಯಿತು. ಅವರ ಹೆಂಗಸರು ನೀರಿಗೆ, ಮರೆಗೆ ಎಲ್ಲಿ ಹೋಗುತ್ತಾರೆಂದು ನಾನು ಆಗ ಯೋಚಿಸಿದ್ದಿಲ್ಲ. ಚಲಿಸುವ ಮನೆಯೆಂದರೆ ನನಗೆ ಕಿಟಕಿಯಾಚೆಯ ನೋಟವಾಗಿತ್ತು. ಅದರ ಮೊದಲ ಅಗತ್ಯ ಮುಚ್ಚಬಲ್ಲ ಒಂದು ಪರದೆ ಎಂಬುದನ್ನು ಅವ್ವ ಕಲಿಸಿದಳು; ಹಣದ ಅಭಾವವೂ ಕಲಿಸಿತೆನ್ನಬೇಕು. ಕೈತುಂಬ ಹಣವಿದ್ದಿದ್ದರೆ ಒಲೆ, ಗೂಡು, ಮೇಜು ಎಲ್ಲವೂ ಉಳಿದು, ಬಕೆಟ್ಟಿಗೆ ಜಾಗವಾಗುತ್ತಿರಲಿಲ್ಲವೇನೋ.

ಎಳ್ಳಮಾವಾಸ್ಯೆಯ ದಿನ ಗಾಡಿ ಹೊಲದ ಬದುವಿನವರೆಗೂ ಹೋಯಿತು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡುಬು. ಅವ್ವ ಗಾಡಿಯಿಂದಿಳಿದು, ಮಣೆಯ ಮೇಲೆ ಕುಳಿತು, ಜೋಳದ ಬೆಳೆಯ ಕಡೆ ನೋಡುತ್ತಿದ್ದಳು. ಮದುವೆಗೆ ಬಾರದಿದ್ದ ಅಜ್ಜಿಯ ತೊಡೆಯ ಮೇಲೆ ಮೊಮ್ಮಗಳು ತಲೆಯಿಟ್ಟು ಅಳುತ್ತಿದ್ದಳು. ಯಾಕೆ ಬರಲಿಲ್ಲವೆಂದು ಆಕೆ ಕೇಳಿರಬೇಕು. ಅವ್ವ ಅವಳ ಕಿವಿಯಲ್ಲಿ ಏನೋ ಹೇಳಿದಳು, ಇಬ್ಬರೂ ನಕ್ಕರು. ನನಗೆ ಹೇಳಲಿಲ್ಲ.

ಆಮೇಲೆ ನಾಲ್ಕು ಸಲ ಊರಿಗೆ ಹೋಗಿಬಂದಿದ್ದೇವೆ. ಒಮ್ಮೆ ಕರಾಡದ ಬಳಿ ಫ್ಯಾನ್ ಬೆಲ್ಟು ಹರಿಯಿತು, ಒಮ್ಮೆ ಸರಿಯುವ ಬಾಗಿಲು ಹಳಿಯಿಂದ ಕಳಚಿ ಹಗ್ಗ ಬಿಗಿದುಕೊಂಡು ಬಂದೆವು. ಹೊರಗಿನ ಬಣ್ಣ ಇಂದಿಗೂ ಹಾಗೆಯೇ ಇದೆ. ಮುಂದಿನ ಬೋನಸ್ಸಿಗೆ ನೋಡೋಣವೆಂದು ಪ್ರತಿ ದೀಪಾವಳಿಗೂ ಅಂದುಕೊಳ್ಳುತ್ತೇವೆ. ಉಳಿದ ದಿನಗಳಲ್ಲಿ ಗಾಡಿ ಕ್ವಾರ್ಟರ್ಸಿನ ಬೇವಿನ ಮರದ ಕೆಳಗೆ ನಿಂತಿರುತ್ತದೆ. ಮಧ್ಯಾಹ್ನ ನಾಲ್ಕರ ಮೇಲೆ ಅವ್ವ ಮಣೆಯೂರಿ ಹತ್ತಿ, ಬಾಗಿಲು ಸರಿಸಿ, ಕಾಲು ಚಾಚಿ ಕೂರುತ್ತಾಳೆ. ಎದುರಿನ ಆಸನದಲ್ಲಿ ಎರಡನೆಯ ಮಹಡಿಯ ಮರಾಠಿ ಆಜಿ, ಪಕ್ಕದ ಬ್ಲಾಕಿನ ತಮಿಳು ಪಾಟಿ. ನಡುವಿನ ಹಲಗೆಯ ಮೇಲೆ ಮೆಂತ್ಯದ ಸೊಪ್ಪಿನ ರಾಶಿ. ಮೂವರಿಗೂ ಸಾಮಾನ್ಯವಾದ ಭಾಷೆಯಿಲ್ಲ. ಸೊಪ್ಪು ಮಾತ್ರ ದಿನವೂ ಹಸನಾಗುತ್ತದೆ. ನಾನು ಕಚೇರಿಯಿಂದ ಬರುವುದನ್ನು ಕಂಡರೆ ಅವ್ವ ಒಳಗಿನಿಂದಲೇ ಕೂಗುತ್ತಾಳೆ:

“ಚಪ್ಪಲಿ ಹೊರಗ ಬಿಟ್ಟ ಬಾ.”